ನಾಮಫಲಕದ ಅರ್ಧನಾಮ

ಯಶವಂತಪುರದ ವ್ಯಾಪಾರದ ಬೀದಿಗಳಲ್ಲಿ ತೀರ್ಥಂಕರರ ಹೆಸರನ್ನು ಹೊತ್ತ ಫಲಕಗಳು ದಪ್ಪಕ್ಷರಗಳಲ್ಲಿ ಶೋಭಿಸುತ್ತವೆ. ಅಂಗಡಿಯ ಒಡೆತನ ಕಂಪನಿಯದಾಗಿದ್ದರೂ 'ಪ್ರೈವೇಟ್ ಲಿಮಿಟೆಡ್' ಎಂಬ ಪದಗಳು ಮಾತ್ರ ಸಾಸಿವೆಯಷ್ಟು. ಕೆಲವೆಡೆ ಅದೂ ಇಲ್ಲ. 2013ರ ಕಂಪನಿ ಕಾಯ್ದೆಯ 12ನೆಯ ಕಲಮಿನಂತೆ ಕಂಪನಿಯು ವ್ಯವಹಾರ ನಡೆಸುವ ಪ್ರತಿಯೊಂದು ಸ್ಥಳದ ಹೊರಗೂ ತನ್ನ ಹೆಸರನ್ನೂ ನೋಂದಾಯಿತ ಕಚೇರಿಯ ವಿಳಾಸವನ್ನೂ ಸ್ಥಳೀಯ ಲಿಪಿಯಲ್ಲಿಯೂ ಬರೆಯಿಸಬೇಕು. ಬಿಲ್ಲು, ಪತ್ರಗಳಲ್ಲಿಯೂ ಹೆಸರು, ವಿಳಾಸಗಳನ್ನು ಮುದ್ರಿಸಬೇಕು. ತಪ್ಪಿದರೆ ದಿನಕ್ಕೆ 1,000 ರೂಪಾಯಿಯಂತೆ 1 ಲಕ್ಷದವರೆಗೆ ದಂಡ.

ದಂಡದ ಮಾತು ಸಣ್ಣದು. 'ಲಿಮಿಟೆಡ್' ಎಂಬುದು ಅಲಂಕಾರವಲ್ಲ, ಎಚ್ಚರಿಕೆ: ಕಂಪನಿ ಮುಳುಗಿದರೆ ಷೇರುದಾರನ ಮನೆ, ಆಸ್ತಿಗಳು ಅದರ ಸಾಲಕ್ಕೆ ಸಾಮಾನ್ಯವಾಗಿ ಬಾರವು. ಮನೆತನದ ಹೆಸರನ್ನೇ ನಂಬಿ ಉದ್ರಿಯಲ್ಲಿ ಸರಕು ಕೊಟ್ಟ ಸಣ್ಣ ವರ್ತಕನಿಗೆ ಇದನ್ನು ತಿಳಿಸದಿರುವುದು ಬರಿಯ ಮರೆವೇ? ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನೂ ಎಣಿಸಿದೆ. ಅರ್ಧನಾಮವು ಸುಳ್ಳು ಲೇಖವಲ್ಲವೆಂದು ವಾದಿಸಬಹುದು. ಆದರೆ ರಾಜ್ಯದ ಕಟ್ಟಳೆಯನ್ನು ಮೀರುವುದೆಂದು ಅರ್ಥೈಸಲಾಗುವ ಎರಡನೆಯದರಿಂದ ನುಣುಚಿಕೊಳ್ಳುವುದು ಕಷ್ಟ. (ಬಸದಿಯ ದೇಣಿಗೆಯ ರಸೀದಿಯಲ್ಲಿ ಟ್ರಸ್ಟಿನ ನೋಂದಾಯಿತ ಹೆಸರೇ ಇರಬೇಕೆಂದು ಪಟ್ಟು ಹಿಡಿಯುವ ದಾನಿಗೆ ಇದು ತಿಳಿಯದ ವಿಷಯವೇನಲ್ಲ.)

ವ್ಯಾಪಾರನಾಮವನ್ನು ಯಾರೂ ಬಿಡಬೇಕಾಗಿಲ್ಲ. ಅದರ ಕೆಳಗೆ ಪೂರ್ಣನಾಮವನ್ನು, ರಸ್ತೆಯಲ್ಲಿ ನಿಂತವನು ಓದಬಲ್ಲಷ್ಟು ದೊಡ್ಡದಾಗಿ, ಕನ್ನಡದಲ್ಲಿ ಬರೆಯಿಸಲು ಒಬ್ಬ ಪೇಂಟರನ ಅರ್ಧ ದಿನದ ಕೂಲಿ ಸಾಕು.