ಹರಿವು ನಿಲ್ಲಿಸದೆ ಬದಲಿಸುವ ವಿದ್ಯೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ನೀರೆಲ್ಲ ಹರಿಯಬಿಟ್ಟರೆ ಕಂಪ್ಲಿಯ ಭತ್ತ ಒಣಗುತ್ತದೆ. ಉಳಿಸಬೇಕೆಂದರೆ ರಭಸದ ನಡುವೆಯೇ ಕೆಲಸ ಆಗಬೇಕು. ಬೇರೆ ಗೇಟುಗಳನ್ನು ತೆರೆದು ಒತ್ತಡ ತಗ್ಗಿಸಿದರು. ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟಿನ ತುಂಡುಗಳನ್ನು ಒಂದೊಂದಾಗಿ ಇಳಿಸಿ, ವಾರದೊಳಗೆ ನೀರು ತಡೆದರು. ಅದು ದೊಡ್ಡ ಸಾಧನೆ. ಆದರೆ ಸ್ಟಾಪ್‌ಲಾಗ್ ಮೊದಲೇ ಸಿದ್ಧವಿರಲಿಲ್ಲ, ಅವಸರದಲ್ಲಿ ಮಾಡಿಸಬೇಕಾಯಿತು ಎಂಬುದೂ ಅಷ್ಟೇ ನಿಜ.

ಓಡುತ್ತಿರುವ ಕಂಪ್ಯೂಟರಿನಲ್ಲಿ ಬಿಡಿಭಾಗ ಬದಲಿಸುವ ಹಾಟ್‌ಸ್ವಾಪ್ ಪದ್ಧತಿಯನ್ನೂ, ಸಿದ್ಧತೆ ಮೊದಲೇ ಇದೆಯೇ ಎಂಬ ಇದೇ ಕಣ್ಣಿನಿಂದ ಅಳೆಯಬೇಕು. ಹೊಸ ಕಾರ್ಡಿನ ಕೆಪಾಸಿಟರ್‌ಗಳು ಖಾಲಿ ಇರುತ್ತವೆ. ಸ್ಲಾಟಿಗೆ ತಾಗಿದ ಕ್ಷಣ ಅವು ಶಾರ್ಟ್ ಸರ್ಕ್ಯೂಟಿನಂತೆ ಕರೆಂಟು ಎಳೆಯುತ್ತವೆ. ವೋಲ್ಟೇಜು ಕುಸಿದು ಪಕ್ಕದ ಕಾರ್ಡುಗಳು ರೀಸೆಟ್ ಆಗಬಹುದು. ಅದನ್ನು ತಡೆಯಲು ಹಾಟ್‌ಸ್ವಾಪ್ ಕಂಟ್ರೋಲರ್ ಎಂಬ ಚಿಪ್ ಕರೆಂಟನ್ನು ಅಳೆಯುತ್ತ, ಟ್ರಾನ್ಸಿಸ್ಟರನ್ನು ನಿಧಾನವಾಗಿ ತೆರೆಯುತ್ತದೆ. ತಾಗುವ ಕ್ರಮವೂ ಮುಖ್ಯ. ಯುಎಸ್‌ಬಿ-ಎ ಪ್ಲಗ್ಗಿನೊಳಗೆ ಇಣುಕಿ ನೋಡಿ: ಅಂಚಿನ ಎರಡು ಪಟ್ಟಿಗಳು ನಡುವಿನವಕ್ಕಿಂತ ಉದ್ದ. ವಿದ್ಯುತ್ತು ಮೊದಲು ಕೂಡುತ್ತದೆ, ಡೇಟಾ ಆಮೇಲೆ; ಕೀಳುವಾಗ ಇದೇ ಕ್ರಮ ತಿರುಗುಮುರುಗು. ಬಳಸುವವರಿಗೆ ಏನೂ ಕಲಿಸದೆಯೇ ಅವರ ಕೈಯಿಂದ ಸರಿಯಾದ ಕೆಲಸ ಮಾಡಿಸುವ ಈ ವಿನ್ಯಾಸಕ್ಕೆ ಪೂರ್ಣ ಅಂಕ ಕೊಡಲೇಬೇಕು.

ಪದ್ಧತಿ ಸೋಲುವುದು ಪೆಟ್ಟಿಗೆಯ ಹೊರಗೆ. ಸರ್ವರಿನಲ್ಲಿ ಎರಡು ಪವರ್ ಸಪ್ಲೈ ಇವೆ, ಒಂದನ್ನು ಕಿತ್ತರೂ ಯಂತ್ರ ನಿಲ್ಲದು ಎಂದು ನಂಬುತ್ತೇವೆ. ಒಂದೊಂದೂ ತನ್ನ ಸಾಮರ್ಥ್ಯದ ಶೇ. 60ರಷ್ಟು ಹೊರೆ ಹೊತ್ತಿದ್ದರೆ, ಒಂದನ್ನು ಕಿತ್ತಾಗ ಉಳಿದದ್ದರ ಮೇಲೆ ಶೇ. 120 ಬೀಳುತ್ತದೆ. ಎರಡೂ ಒಂದೇ ಯುಪಿಎಸ್‌ಗೆ ಸಿಕ್ಕಿಸಿದ್ದರೆ ಯುಪಿಎಸ್ ಕೆಟ್ಟ ದಿನ ಎರಡೂ ಕೈಕೊಡುತ್ತವೆ. ಒಂದು ಡಿಸ್ಕ್ ಕೆಟ್ಟರಷ್ಟೇ ತಾಳಿಕೊಳ್ಳುವ ರೇಡ್-5 ಡಿಸ್ಕ್ ಗುಂಪಿನಲ್ಲಿ ಕೆಟ್ಟ ಡಿಸ್ಕಿನ ಬದಲು ಪಕ್ಕದ ಒಳ್ಳೆಯದನ್ನು ಎಳೆದರೆ ಇಡೀ ಅರೇ ಬೀಳುತ್ತದೆ. ಇವು ಚಿಪ್ಪಿನ ತಪ್ಪಲ್ಲ. ಹಾಟ್‌ಸ್ವಾಪ್ ಎಂಬ ಲೇಬಲ್ ನೋಡಿ ಲೆಕ್ಕ ಮಾಡುವುದನ್ನು ಬಿಟ್ಟವರ ತಪ್ಪು.

ಹಾಟ್‌ಸ್ವಾಪ್ ತಂತ್ರಜ್ಞನ ಧೈರ್ಯದಿಂದ ಬರುವುದಿಲ್ಲ, ಮುಂಚಿನ ಸಿದ್ಧತೆಯಿಂದ ಬರುತ್ತದೆ. ಹೊಸಪೇಟೆ, ಸಂಡೂರಿನ ಕಚೇರಿಗಳು ಟೆಂಡರ್ ಬರೆಯುವಾಗಲೇ ಒಂದೇ ಸಪ್ಲೈ ಪೂರ್ತಿ ಹೊರೆ ಹೊರಬೇಕೆಂದು, ಎರಡಕ್ಕೂ ಬೇರೆ ಬೇರೆ ಲೈನಿನಿಂದ ವಿದ್ಯುತ್ತು ಬರಬೇಕೆಂದು ಬರೆಯಲಿ. ಪ್ರತಿ ಡಿಸ್ಕಿಗೂ ನಂಬರ್ ಅಂಟಿಸಲಿ. ಬ್ಯಾಕಪ್ ತೆಗೆದುಕೊಂಡು, ರಜೆಯ ದಿನ ಒಂದು ಸಪ್ಲೈ ಎಳೆದು ನೋಡಲಿ. ಆ ಪರೀಕ್ಷೆ ಪಾಸಾದ ಯಂತ್ರವನ್ನಷ್ಟೇ ನಂಬಬಹುದು.