ಸಪ್ಪೆ ರೇಸು, ಸೊರಗಿದ ತಂಡಗಳು

2024ರ ಮೇ 26ರಂದು ನಡೆದ ಮೊನಾಕೊ ಗ್ರ್ಯಾನ್ ಪ್ರಿಯಲ್ಲಿ ಮೊದಲ ಹತ್ತು ಸ್ಥಾನಗಳಿಂದ ಹೊರಟ ಚಾಲಕರು ಅದೇ ಕ್ರಮದಲ್ಲಿ ಗುರಿ ಮುಟ್ಟಿದರು. 1950ರಲ್ಲಿ ಶುರುವಾದ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹೀಗಾದದ್ದು ಅದೇ ಮೊದಲು. ಗೆದ್ದ ಶಾರ್ಲ್ ಲೆಕ್ಲೇರ್ ಅದೇ ಊರಿನ ಹುಡುಗ. 1931ರಲ್ಲಿ ಲೂಯಿ ಶಿರೋನ್ ಗೆದ್ದ ಮೇಲೆ ತವರಿನವನೊಬ್ಬ ಅಲ್ಲಿ ಗೆದ್ದಿದ್ದು ಆಗಲೇ. ಆ ಸಂತೋಷಕ್ಕೆ ಯಾರೂ ಕಲ್ಲು ಹಾಕಬೇಕಿಲ್ಲ. ಆದರೆ ಆರನೇ ಸ್ಥಾನದಲ್ಲಿ ಸುತ್ತುತ್ತಿದ್ದ ಮ್ಯಾಕ್ಸ್ ವೆರ್ಸ್ಟಾಪೆನ್ ರೇಸಿನ ನಡುವೆಯೇ ರೇಡಿಯೊದಲ್ಲಿ, ದಿಂಬು ತರಬೇಕಿತ್ತು ಎಂದು ಬೇಸರ ತೋಡಿಕೊಂಡಿದ್ದ. ನೋಡುವವರ ಮಾತು ಅದಕ್ಕಿಂತ ಕಟುವಾಗಿತ್ತು. ಬೀದಿ ಕಿರಿದು ಎಂದು ಕೆಲವರು, ಟೈರುಗಳು ಸವೆಯುವುದೇ ಇಲ್ಲ ಎಂದು ಕೆಲವರು, ಮೊನಾಕೊವನ್ನು ಕ್ಯಾಲೆಂಡರಿನಿಂದ ಕಿತ್ತುಹಾಕಿ ಎಂದು ಇನ್ನು ಕೆಲವರು. ಈ ಚರ್ಚೆ ಯಾವಾಗಲೂ ಸಾಲಿನ ಮುಂಭಾಗವನ್ನೇ ನೋಡಿಕೊಂಡು ನಡೆಯುತ್ತದೆ. ಗೆದ್ದವನನ್ನು ಯಾರಾದರೂ ಹಿಂದಿಕ್ಕುವ ಹಾಗಿತ್ತೇ ಎಂಬುದೇ ಅದರ ಅಳತೆ. ಅಳತೆಗೋಲನ್ನು ಸಾಲಿನ ಕೊನೆಗೆ ಒಯ್ಯಬೇಕು ಎಂಬುದು ನನ್ನ ವಾದ. ದುರ್ಬಲ ಕಾರಿನಲ್ಲಿರುವ ಚಾಲಕನಿಗೆ ಕೌಶಲದಿಂದಲೋ ಧೈರ್ಯದಿಂದಲೋ ಮೇಲೇರುವ ಒಂದೇ ಒಂದು ದಾರಿಯೂ ಉಳಿಯದಿದ್ದಾಗ ರೇಸು ಸತ್ತುಹೋಗುತ್ತದೆ. ಮೊನಾಕೊದ ಸಪ್ಪೆತನ ಮತ್ತು ಸಣ್ಣ ತಂಡಗಳ ಪರದಾಟ ಒಂದೇ ರೋಗದ ಎರಡು ಲಕ್ಷಣಗಳು.

ಅಂದು ಆದದ್ದನ್ನು ಬಿಡಿಸಿ ನೋಡೋಣ. ಮೊದಲ ಸುತ್ತಿನಲ್ಲೇ ಬೋ ರಿವಾಜ್ ಏರಿನಲ್ಲಿ ಹಾಸ್ ತಂಡದ ಕೆವಿನ್ ಮ್ಯಾಗ್ನುಸೆನ್ ಮತ್ತು ರೆಡ್‌ಬುಲ್‌ನ ಸೆರ್ಜಿಯೊ ಪೆರೆಸ್ ಡಿಕ್ಕಿಯಾದರು. ನಿಕೊ ಹುಲ್ಕೆನ್‌ಬರ್ಗ್‌ನ ಇನ್ನೊಂದು ಹಾಸ್ ಕಾರೂ ಆ ಅಪಘಾತಕ್ಕೆ ಬಲಿಯಾಯಿತು. ಕೆಂಪು ಬಾವುಟ ಬಂತು, ರೇಸು ನಿಂತಿತು. ಒಣ ರಸ್ತೆಯಲ್ಲಿ ಎರಡು ಬಗೆಯ ಟೈರುಗಳನ್ನು ಬಳಸಲೇಬೇಕೆಂಬ ನಿಯಮವಿದೆ. ರೇಸು ನಿಂತಿರುವಾಗ ಪಿಟ್‌ನಲ್ಲಿ ಟೈರು ಬದಲಿಸಿಕೊಂಡರೂ ನಿಯಮ ಪಾಲಿಸಿದಂತೆಯೇ. ಹಾಗಾಗಿ ಎಲ್ಲರೂ ಬದಲಿಸಿಕೊಂಡರು; ಉಳಿದ ಸುತ್ತುಗಳಲ್ಲಿ ಯಾರೂ ಪಿಟ್‌ಗೆ ಬರಲೇಬೇಕಾದ ಅಗತ್ಯ ಇಲ್ಲವಾಯಿತು. ಆಸ್ಕರ್ ಪಿಯಾಸ್ಟ್ರಿಗೆ ತಗುಲಿ ಟೈರು ಪಂಕ್ಚರ್ ಆಗಿ ಕ್ಯಾಸಿನೊ ಬಳಿ ನಿಂತಿದ್ದ ಕಾರ್ಲೋಸ್ ಸೈನ್ಸ್‌ಗೆ ಅವನ ಮೂರನೇ ಸ್ಥಾನವೇ ಮರಳಿ ಸಿಕ್ಕಿತು. ಹೀಗೆ ಮೊದಲ ಸುತ್ತಿನ ಅದೃಷ್ಟ, ದುರದೃಷ್ಟ ಎರಡೂ ಅಳಿಸಿಹೋದವು. ಆಮೇಲೆ ಮುಂದಿದ್ದವರು ಬೇಕೆಂದೇ ನಿಧಾನವಾಗಿ ಓಡಿಸಿದರು. ಹಿಂದಿನವರ ನಡುವೆ ಅಂತರ ಬೆಳೆದರೆ ಯಾರಾದರೂ ಪಿಟ್‌ಗೆ ಹೋಗಿ ಹೊಸ ಟೈರಿನೊಂದಿಗೆ ಬಂದು ಮೇಲೆ ಬೀಳುತ್ತಾರೆ. ಅಂತರ ಬೆಳೆಯದಂತೆ ನೋಡಿಕೊಂಡರೆ ಆ ಭಯವಿಲ್ಲ. ಹಿಂದಿಕ್ಕಲಾಗದ ರಸ್ತೆಯಲ್ಲಿ ನಿಧಾನವೇ ಅತ್ಯುತ್ತಮ ತಂತ್ರ. ಇದಕ್ಕೆ ಚಾಲಕರನ್ನು ಸೋಮಾರಿಗಳೆಂದು ಬೈಯುವುದು ಅನ್ಯಾಯ. ವೇಗಕ್ಕೆ ಬಹುಮಾನವಿಲ್ಲದ ಕಡೆ ಅವರು ಬುದ್ಧಿ ಬಳಸಿದರು, ಅಷ್ಟೆ.

ಈಗ ಸಾಲಿನ ಹಿಂಭಾಗಕ್ಕೆ ಬರೋಣ. ಒಂಬತ್ತು ಬಾರಿ ತಂಡ ಪ್ರಶಸ್ತಿ ಗೆದ್ದ ವಿಲಿಯಮ್ಸ್ 2024ರ ಆರಂಭದಲ್ಲಿ ಎಂಥ ಸ್ಥಿತಿಯಲ್ಲಿತ್ತೆಂದರೆ, ಆಸ್ಟ್ರೇಲಿಯಾದಲ್ಲಿ ಅಲೆಕ್ಸ್ ಆಲ್ಬನ್ ಶುಕ್ರವಾರ ಕಾರು ಜಖಂ ಮಾಡಿಕೊಂಡಾಗ ತಂಡದ ಬಳಿ ಬದಲಿ ಷಾಸಿಯೇ ಇರಲಿಲ್ಲ. ಲೋಗನ್ ಸಾರ್ಜೆಂಟ್‌ನ ಕಾರನ್ನು ಆಲ್ಬನ್‌ಗೆ ಕೊಟ್ಟು, ತಪ್ಪೇ ಮಾಡದ ಸಾರ್ಜೆಂಟ್‌ನನ್ನು ರೇಸಿನಿಂದ ಹೊರಗೆ ಕೂರಿಸಬೇಕಾಯಿತು. ಆಲ್ಪೈನ್ ಬಹ್ರೇನ್‌ನ ಮೊದಲ ರೇಸಿನಲ್ಲಿ ಕೊನೆಯ ಸಾಲಿನ ಎರಡೂ ಸ್ಥಾನಗಳಿಂದ ಹೊರಟಿತು. ಸೌಬರ್‌ಗೆ ವರ್ಷದ ಕೊನೆಯ ಭಾಗದ ಕತಾರ್ ರೇಸಿನವರೆಗೆ ಒಂದು ಅಂಕವೂ ದಕ್ಕಲಿಲ್ಲ. ಇಂಥ ತಂಡಗಳು ಒಂದು ಕಾಲದಲ್ಲಿ ಕಾಯುತ್ತಿದ್ದದ್ದೇ ಮೊನಾಕೊಗಾಗಿ. ಅಲ್ಲಿ ಎಂಜಿನ್‌ನ ಬಲಕ್ಕಿಂತ ಚಾಲಕನ ಕೈಗೆ ಬೆಲೆ ಹೆಚ್ಚು. 1984ರ ಮಳೆಯಲ್ಲಿ ಅಯರ್ಟನ್ ಸೆನ್ನಾ ಟೋಲ್ಮನ್ ಎಂಬ ಸಾಧಾರಣ ಕಾರನ್ನು 13ನೇ ಸ್ಥಾನದಿಂದ ಎರಡನೆಯದಕ್ಕೆ ತಂದ. 1996ರಲ್ಲಿ ಒಲಿವಿಯೆ ಪಾನಿಸ್ 14ನೇ ಸ್ಥಾನದಿಂದ ಹೊರಟು ಲಿಜಿಯೆ ತಂಡಕ್ಕೆ ಅದರ ಕೊನೆಯ ಗೆಲುವು ತಂದುಕೊಟ್ಟ. ಬೆಂಗಳೂರಿನ ಯುಬಿ ಸಮೂಹದ ವಿಜಯ್ ಮಲ್ಯ ಒಡೆತನದ ಫೋರ್ಸ್ ಇಂಡಿಯಾ 2008ರಲ್ಲಿ ಇಡೀ ವರ್ಷ ಒಂದು ಅಂಕವನ್ನೂ ಗಳಿಸಲಿಲ್ಲ. ಆದರೂ ಆ ವರ್ಷದ ಮೊನಾಕೊದಲ್ಲಿ ಏಡ್ರಿಯನ್ ಸೂಟಿಲ್ ನಾಲ್ಕನೇ ಸ್ಥಾನದಲ್ಲಿದ್ದ. ಕಿಮಿ ರೈಕೊನೆನ್‌ನ ಫೆರಾರಿ ಹಿಂದಿನಿಂದ ಬಂದು ಗುದ್ದದಿದ್ದರೆ ಆ ವರ್ಷದ ಲೆಕ್ಕವೇ ಬೇರೆಯಾಗುತ್ತಿತ್ತು.

ಇವೆಲ್ಲ ಮಳೆಯ ಕೃಪೆ ಎನ್ನುವವರಿಗೆ 2014ರ ಉದಾಹರಣೆ ಸಾಕು. ಆ ದಿನ ರಸ್ತೆ ಒಣಗಿತ್ತು. ಹಿಂದಿನ ಸೀಸನ್‌ಗಳಲ್ಲಿ ಒಂದು ಅಂಕವನ್ನೂ ಕಾಣದಿದ್ದ ಮರುಸ್ಸಿಯಾ ತಂಡದ ಜೂಲ್ಸ್ ಬಿಯಾಂಕಿ 21ನೇ ಸ್ಥಾನದಿಂದ ಹೊರಟ. ರಾಸ್ಕಾಸ್ ತಿರುವಿನಲ್ಲಿ, ಯಾರೂ ಹಿಂದಿಕ್ಕುವ ಯೋಚನೆ ಮಾಡದ ಜಾಗದಲ್ಲಿ, ಕಮುಯಿ ಕೊಬಯಾಶಿಯ ಕ್ಯಾಟರ್‌ಹ್ಯಾಮ್ ಪಕ್ಕಕ್ಕೆ ನುಗ್ಗಿ ಮುಂದೆ ಹೋದ. ಐದು ಸೆಕೆಂಡಿನ ದಂಡ ಸೇರಿಸಿದ ಮೇಲೂ ಒಂಬತ್ತನೆಯವನಾದ. ಸಿಕ್ಕಿದ್ದು ಎರಡೇ ಅಂಕ. ಆದರೆ ಸೌಬರ್ ಮತ್ತು ಕ್ಯಾಟರ್‌ಹ್ಯಾಮ್ ಆ ವರ್ಷ ಸೊನ್ನೆಯಲ್ಲೇ ಉಳಿದದ್ದರಿಂದ ಮರುಸ್ಸಿಯಾ ಪಟ್ಟಿಯಲ್ಲಿ ಒಂಬತ್ತನೆಯದಾಯಿತು. ವರ್ಷದ ಕೊನೆಗೆ ತಂಡ ದಿವಾಳಿಯಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಸೇರಿದಾಗ, ಆ ಸ್ಥಾನಕ್ಕೆ ಸಲ್ಲುವ ಬಹುಮಾನದ ಹಣದ ಭರವಸೆಯೇ ಅದು 2015ರಲ್ಲಿ ಮತ್ತೆ ಟ್ರ್ಯಾಕಿಗೆ ಬರಲು ನೆರವಾಯಿತು. ಒಂದು ತಿರುವಿನಲ್ಲಿ ತೋರಿದ ಧೈರ್ಯ ಒಂದು ತಂಡದ ಆಯಸ್ಸನ್ನು ಹೆಚ್ಚಿಸಿತು. ರೇಸು ನೋಡಲು ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ. ಬಿಯಾಂಕಿಯ ಕಾರು 1.8 ಮೀಟರ್ ಅಗಲದ್ದು. ಅಂದಿನ ಕನಿಷ್ಠ ತೂಕ 691 ಕಿಲೋ. ಲೆಕ್ಲೇರ್ ಗೆದ್ದ ವರ್ಷದ ಕಾರುಗಳು ಎರಡು ಮೀಟರ್ ಅಗಲ, ಕನಿಷ್ಠ 798 ಕಿಲೋ. ರಾಸ್ಕಾಸ್ ಮಾತ್ರ ಅಂದಿದ್ದಷ್ಟೇ ಇದೆ.

ಆಡಳಿತಗಾರರು ಸುಮ್ಮನಿರಲಿಲ್ಲ. 2025ರಲ್ಲಿ ಮೊನಾಕೊಗೆಂದೇ ಒಂದು ನಿಯಮ ತಂದರು: ಪ್ರತಿಯೊಬ್ಬರೂ ಮೂರು ಜೊತೆ ಟೈರು ಬಳಸಬೇಕು, ಅಂದರೆ ಎರಡು ಬಾರಿ ಪಿಟ್‌ಗೆ ಬರಬೇಕು. ಉದ್ದೇಶ ಒಳ್ಳೆಯದೇ. ಪರಿಣಾಮ ಏನಾಯಿತು? ರೇಸಿಂಗ್ ಬುಲ್ಸ್ ತಂಡ ಲಿಯಾಮ್ ಲಾಸನ್‌ನನ್ನು ನಿಧಾನಗೊಳಿಸಿ, ಅವನ ಹಿಂದೆ ಎಲ್ಲರನ್ನೂ ಕಟ್ಟಿಹಾಕಿ, ಮುಂದಿದ್ದ ಐಸಾಕ್ ಹಜಾರ್‌ಗೆ ಪಿಟ್‌ಗೆ ಹೋಗಿಬರಲು ಬೇಕಾದ ಅಂತರ ಮಾಡಿಕೊಟ್ಟಿತು. ವಿಲಿಯಮ್ಸ್ ಅದೇ ಕೆಲಸವನ್ನು ಆಲ್ಬನ್ ಮತ್ತು ಸೈನ್ಸ್ ಅವರಿಂದ ಸರದಿಯಂತೆ ಮಾಡಿಸಿತು. ಹಿಂದೆ ಸಿಕ್ಕಿಬಿದ್ದ ಜಾರ್ಜ್ ರಸೆಲ್ ತಾಳ್ಮೆಗೆಟ್ಟು, ದಂಡ ಬೀಳುತ್ತದೆಂದು ಗೊತ್ತಿದ್ದೂ ಸುರಂಗದಾಚೆಯ ಶಿಕೇನ್ ಅನ್ನು ಕತ್ತರಿಸಿ ಆಲ್ಬನ್‌ನನ್ನು ದಾಟಿದ. ಕೊನೆಗೆ ಹಜಾರ್ ಆರನೆಯವನು, ಲಾಸನ್ ಎಂಟನೆಯವನು, ಆಲ್ಬನ್ ಒಂಬತ್ತು, ಸೈನ್ಸ್ ಹತ್ತು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ದೊಡ್ಡ ತಂಡಗಳಲ್ಲದ ಎರಡು ತಂಡಗಳ ನಾಲ್ಕೂ ಕಾರುಗಳು ಅಂಕ ಗಳಿಸಿದವಲ್ಲ, ನೀವು ಕೇಳುತ್ತಿದ್ದದ್ದು ಅದೇ ತಾನೇ? ಅಂಕ ಬಂದದ್ದು ನಿಜ. ಅವು ಬಂದ ಬಗೆ ಬೇರೆ. ಬಿಯಾಂಕಿ ತನ್ನ ಕಾರಿನಿಂದ ಇರುವುದಕ್ಕಿಂತ ಹೆಚ್ಚನ್ನು ಹಿಂಡಿದ್ದಕ್ಕೆ ಅಂಕ ಪಡೆದ. ಈ ಚಾಲಕರು ತಮ್ಮ ಕಾರಿನಲ್ಲಿದ್ದ ವೇಗವನ್ನು ಬಚ್ಚಿಟ್ಟಿದ್ದಕ್ಕೆ ಪಡೆದರು. ವಿಲಿಯಮ್ಸ್‌ನ ಇಬ್ಬರು ಚಾಲಕರೂ ಆಮೇಲೆ ತಮಗಿದು ಹಿಡಿಸಲಿಲ್ಲ ಎಂದರು. ತಂಡಗಳನ್ನು ನಾನು ದೂರುವುದಿಲ್ಲ. ಬಡ ತಂಡಕ್ಕೆ ಒಂದೊಂದು ಅಂಕವೂ ಸಂಬಳದ ಮಾತು. ದೂರಬೇಕಾದದ್ದು, ಅಡ್ಡ ನಿಲ್ಲುವುದನ್ನೇ ಬದುಕುವ ದಾರಿಯಾಗಿಸಿದ ನಿಯಮವನ್ನು.

ಮೊನಾಕೊ ಯಾವತ್ತೂ ಮೆರವಣಿಗೆಯೇ, ಶನಿವಾರದ ಅರ್ಹತಾ ಸುತ್ತೇ ಅಲ್ಲಿನ ನಿಜವಾದ ರೇಸು ಎಂಬ ವಾದವೂ ಉಂಟು. ಗೋಡೆಗಳ ನಡುವಿನ ಆ ಒಂದು ಸುತ್ತಿನ ಸೌಂದರ್ಯ ನನಗೂ ಇಷ್ಟ. ಆದರೆ ಅಂಕ ಹಂಚುವುದು ಭಾನುವಾರ. ಖರ್ಚಿನ ಮಿತಿ ಬಂದಿದೆ, ಹಿಂದುಳಿದ ತಂಡಕ್ಕೆ ಗಾಳಿ ಸುರಂಗದ ಪರೀಕ್ಷೆಗೆ ಹೆಚ್ಚು ಅವಕಾಶವಿದೆ, ಕಾದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಮೆಕ್ಲಾರೆನ್ ಸಾಕ್ಷಿ: 2023ರ ಆರಂಭದಲ್ಲಿ ಹಿಂದೆ ಬಿದ್ದಿದ್ದ ಆ ತಂಡ 2024ರಲ್ಲಿ ಪ್ರಶಸ್ತಿ ಗೆದ್ದಿತು. ಒಪ್ಪುತ್ತೇನೆ. ಆದರೆ ಅಷ್ಟು ಬಂಡವಾಳವಿಲ್ಲದ ತಂಡಗಳು ಅಲ್ಲಿಯವರೆಗೆ ಬದುಕಿರಬೇಕಲ್ಲ! ಸರಿಯಾದ ರೇಸು ಅವುಗಳಿಗೆ ಏನು ಕೊಡಬಲ್ಲದೆಂದು 2025ರ ಸಿಲ್ವರ್‌ಸ್ಟೋನ್ ತೋರಿಸಿತು. ಮಳೆ ಬಿಸಿಲಿನ ಆಟದ ನಡುವೆ ಹುಲ್ಕೆನ್‌ಬರ್ಗ್ ಸೌಬರ್ ಕಾರಿನಲ್ಲಿ 19ನೇ ಸ್ಥಾನದಿಂದ ಮೂರನೆಯದಕ್ಕೆ ಬಂದ. ಅಷ್ಟು ವರ್ಷ ಓಡಿಸಿದವನಿಗೆ ಅದು ಮೊದಲ ಪೋಡಿಯಂ. ಅಲ್ಲಿನ ರಸ್ತೆ ಅಗಲವಿತ್ತು, ಸರಿಯಾದ ಗಳಿಗೆಯಲ್ಲಿ ಟೈರು ಬದಲಿಸಿದವನ ಜಾಣ್ಮೆಗೆ ಬೆಲೆಯಿತ್ತು.

2026ರ ನಿಯಮಗಳು ಕಾರಿನ ಅಗಲವನ್ನು 1.9 ಮೀಟರಿಗೆ, ಕನಿಷ್ಠ ತೂಕವನ್ನು 768 ಕಿಲೋಗೆ ಇಳಿಸಿವೆ. ಹೆಜ್ಜೆ ಸರಿಯಾದ ದಿಕ್ಕಿನಲ್ಲಿದೆ, ಸಾಲದು. ಕೆಂಪು ಬಾವುಟದಡಿ ಬದಲಿಸಿದ ಟೈರನ್ನು ಕಡ್ಡಾಯ ಬದಲಾವಣೆಯ ಲೆಕ್ಕಕ್ಕೆ ಹಿಡಿಯಬಾರದು. ಸಂಗಾತಿಗೆ ಅಂತರ ಮಾಡಿಕೊಡಲು ವಿಪರೀತ ನಿಧಾನವಾಗುವುದಕ್ಕೆ ಸುತ್ತಿನ ಸಮಯದ ಮಿತಿ ಹಾಕಬೇಕು. ಈ ಎರಡಕ್ಕೂ ಹಣ ಬೇಕಿಲ್ಲ, ಮೊನಾಕೊದ ಒಂದು ಕಲ್ಲನ್ನೂ ಕದಲಿಸಬೇಕಿಲ್ಲ.