ಹಿಮದ ಲೆಕ್ಕ

ಸೀರೆ ಕೊಳ್ಳುವಾಗ ಅಂಚು, ಸೆರಗು, ನೇಯ್ಗೆ ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡುವವರು ನಾವು. ಕಾಲು ಕಿಲೋ ಬೀನ್ಸಿಗೂ ಚೌಕಾಸಿ ಬಿಡುವುದಿಲ್ಲ. ಆದರೆ ಗೊತ್ತಿಲ್ಲದ ಊರಿನಲ್ಲಿ, ಗೊತ್ತಿಲ್ಲದ ಆಟಕ್ಕೆ ದುಡ್ಡು ತೆರುವಾಗ ಬಾಯಿ ಕಟ್ಟಿಹೋಗುತ್ತದೆ.

2023ರ ಜನವರಿ ಕೊನೆಯಲ್ಲಿ ಚೀಟಿ ಎತ್ತಿದ ದುಡ್ಡಿನಲ್ಲಿ ಮಗಳೊಡನೆ ಮನಾಲಿಗೆ ಹೋಗಿದ್ದೆ. ಬಳೆಗೆಂದು ಕಟ್ಟಿದ್ದ ಚೀಟಿ ಅದು. ಸೋಲಂಗ್ ಕಣಿವೆಯಲ್ಲಿ ಸ್ಕೀ ಮಾಡಬೇಕೆಂದು ಅವಳಿಗೆ ಆಸೆ. ದಾರಿಯ ಅಂಗಡಿಯೊಂದರಲ್ಲಿ ದಪ್ಪ ಅಂಗಿಗೆ ಒಂದು ಬಾಡಿಗೆ, ಬೂಟಿಗೆ ಒಂದು, ಸ್ಕೀ ಹಲಗೆಗೆ ಇನ್ನೊಂದು. ಹಿಮದ ಮೇಲೆ ಕೈ ಹಿಡಿದು ನಾಲ್ಕು ಸಲ ಜಾರಿಸಿದವನಿಗೆ ಬೇರೆ, ಫೋಟೋದವನಿಗೆ ಬೇರೆ. ಊರಿಗೆ ಬಂದು ಲೆಕ್ಕ ಹಾಕಿದರೆ ನಾವು ಹಲಗೆಯ ಮೇಲೆ ನಿಂತದ್ದು ಇಪ್ಪತ್ತೇ ನಿಮಿಷ. ಉಳಿದ ಹೊತ್ತೆಲ್ಲ ಕಾರಿನ ಸಾಲಿನಲ್ಲಿ, ಅಂಗಡಿಯ ಮುಂದೆ. “ಕೊಟ್ಟ ದುಡ್ಡಿಗೆ ಏನು ಬಂತು?” ಎಂದರು ನಮ್ಮವರು. ಉತ್ತರ ಹೊಳೆಯಲಿಲ್ಲ.

ತಪ್ಪು ಸೋಲಂಗಿನದಲ್ಲ. ಇಳಿಜಾರು ಚಿಕ್ಕದು, ಕಲಿಯುವವರಿಗೆ ಅಷ್ಟು ಸಾಕು. ನಾವು ಕೊಂಡದ್ದು ಪಾಠವನ್ನಲ್ಲ, ಫೋಟೋವನ್ನು.

ಮುಂದಿನ ವರ್ಷ ಮಗಳು ಗುಲ್ಮಾರ್ಗ್ ಎಂದಾಗ ನಾನು ನೋಟ್‌ಬುಕ್ ಹಿಡಿದು ಕುಳಿತೆ. ಅಲ್ಲಿನ ಗೊಂಡೋಲಾದ ಹೆಸರು ದೊಡ್ಡದು. ಮೊದಲ ಹಂತ ಕೊಂಗ್‌ಡೂರಿಗೆ 1998ರಲ್ಲಿ, ಎರಡನೆಯದು ಅಫರ್ವತ್ ಬೆಟ್ಟಕ್ಕೆ 2005ರಲ್ಲಿ ಶುರುವಾಯಿತು. ಮೇಲಿನ ನಿಲ್ದಾಣ 3,900 ಮೀಟರಿಗೂ ಎತ್ತರ. ಆದರೆ ಆ ಇಳಿಜಾರು ನುರಿತವರದು, ಹಿಮಕುಸಿತದ ಭಯವೂ ಉಂಟು. ಅಕ್ಷರ ಕಲಿಯುವ ಮಗುವಿಗೆ ಕಾಲೇಜಿನ ಫೀಸು ಕಟ್ಟಿದಂತೆ, ಹೊಸಬರು ಕಲಿಯಲೆಂದು ಆ ಟಿಕೆಟ್ ಕೊಳ್ಳುವುದು. ನೋಟಕ್ಕೆಂದಾದರೆ ಕೊಳ್ಳಿ, ಅದು ಬೇರೆ ಖರ್ಚು.

ಉತ್ತರಾಖಂಡದ ಔಲಿಯನ್ನೂ ನೋಡಿದೆವು. ಇಳಿಜಾರು ಉದ್ದ, ನೋಟಕ್ಕೆ ನಂದಾದೇವಿ. ಜೋಶಿಮಠದಿಂದ ಸುಮಾರು ನಾಲ್ಕು ಕಿಲೋಮೀಟರಿನ ರೋಪ್‌ವೇಯೇ ಅದರ ಹೆಮ್ಮೆ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು ಮನೆಗಳು ಬಿರುಕುಬಿಟ್ಟಾಗ ಅದನ್ನು ನಿಲ್ಲಿಸಿದರು. ಹಳೆಯ ಜಾಹೀರಾತು ನಂಬಿ ದುಡ್ಡು ಕಟ್ಟಬಾರದು ಎಂಬುದನ್ನು ಅದರಿಂದ ಕಲಿತೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಹಿಮದ್ದು. 2024ರ ಜನವರಿಯಲ್ಲಿ ಗುಲ್ಮಾರ್ಗದ ಬಯಲು ಹಿಮವಿಲ್ಲದೆ ಕಂದಾಗಿತ್ತು. 2025ರ ಫೆಬ್ರವರಿಯಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಪಂದ್ಯಗಳನ್ನೇ ಮುಂದೂಡಿದರು. ಆಟಗಾರರಿಗೇ ಸಿಗದ ಹಿಮ ನಮಗಾಗಿ ಕಾದಿರುತ್ತದೆಯೆ?

ಆದ್ದರಿಂದ ದುಡ್ಡು ಕೊಡುವ ಮೊದಲು ನಾಲ್ಕು ಮಾತು ಕೇಳಿ. ದಿನಕ್ಕೆ ಎಷ್ಟು ಗಂಟೆ ಪಾಠ? ಒಬ್ಬ ಗುರುವಿಗೆ ಎಷ್ಟು ಮಂದಿ? ಬೂಟು, ಹಲಗೆ, ಅಂಗಿಯ ಬಾಡಿಗೆ ಆ ದರದಲ್ಲೇ ಸೇರಿದೆಯೆ? ಹಿಮ ಬೀಳದಿದ್ದರೆ ದುಡ್ಡು ವಾಪಸ್ಸೆ? ಬಂದ ಉತ್ತರವನ್ನು ಬರೆಸಿಕೊಳ್ಳಿ. ಒಟ್ಟು ಖರ್ಚನ್ನು ಹಿಮದ ಮೇಲೆ ಕಳೆಯುವ ಗಂಟೆಗಳಿಂದ ಭಾಗಿಸಿ. ಅಗ್ಗ ಯಾವುದು, ತುಟ್ಟಿ ಯಾವುದು ಎಂಬುದು ಆಗ ತಾನೇ ಗೊತ್ತಾಗುತ್ತದೆ.

ಮಗಳು 2024ರ ಫೆಬ್ರವರಿ ಕೊನೆಯಲ್ಲಿ, ಹಿಮ ಬಿದ್ದ ಸುದ್ದಿ ಖಚಿತವಾದ ಮೇಲೆ, ಗುಲ್ಮಾರ್ಗದ ಕಲಿಕಾ ಶಿಬಿರಕ್ಕೆ ಒಬ್ಬಳೇ ಹೋದಳು. ಒಟ್ಟು ಖರ್ಚು ಹೆಚ್ಚು. ಗಂಟೆಯ ಲೆಕ್ಕದಲ್ಲಿ ಸೋಲಂಗಿಗಿಂತ ಎಷ್ಟೋ ಅಗ್ಗ. ತಿರುಗುವುದನ್ನೂ ಬೇಕೆಂದಲ್ಲಿ ನಿಲ್ಲುವುದನ್ನೂ ಕಲಿತು ಬಂದಳು. ನಮ್ಮವರು ಲೆಕ್ಕ ನೋಡಿ ಸುಮ್ಮನಾದರು.

ಒಂದು ಮಾತು ಮಾತ್ರ ಲೆಕ್ಕಕ್ಕೆ ಸಿಕ್ಕಿಲ್ಲ. ಸೋಲಂಗಿನ ಆ ಇಪ್ಪತ್ತು ನಿಮಿಷದಲ್ಲಿ ನಾನು ದೊಪ್ಪನೆ ಬಿದ್ದು, ಏಳಲಾರದೆ ನಕ್ಕಿದ್ದೆ. “ಅಮ್ಮ, ನೀನು ಹೀಗೆ ನಕ್ಕಿದ್ದು ನಾನು ನೋಡೇ ಇರಲಿಲ್ಲ” ಎಂದಿದ್ದಳು ಮಗಳು. ಅದನ್ನು ಯಾವ ಕಲಮಿಗೆ ಬರೆಯಲಿ?